ದೊರೆಯ ಬಾಯಿಗೊಂದು ಕಿವಿ

ನಮ್ಮೂರು ಬೊಫ್ರೆಸೊದ ದೊರೆ ಸಭೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲ. ತುಟಿಯ ತುದಿಯಲ್ಲಿ ಏನೋ ಅನ್ನುತ್ತಾರೆ, ಅಷ್ಟೇ. ಅವರ ಬಲಭುಜದಿಂದ ಒಂದು ಹೆಜ್ಜೆ ಮುಂದೆ, ಜನರ ಕಡೆ ಮುಖ ಮಾಡಿ ಒಬ್ಬ ನಿಂತಿರುತ್ತಾನೆ. ಬಿದ್ದ ಮಾತನ್ನು ಹೆಕ್ಕಿಕೊಂಡು, ತೊಳೆದು, ಗಾದೆಯ ಒಗ್ಗರಣೆ ಹಾಕಿ ಅವನು ಊರಿಗೆ ಬಡಿಸುತ್ತಾನೆ. ಅವನಿಗೆ ಒಚಿಯಾಮೆ ಅನ್ನುತ್ತೇವೆ. ದೊರೆಯ ಬಾಯಿ ಎಂದರೂ ತಪ್ಪಿಲ್ಲ. ಅವನು ಹೇಳಿದ್ದೇ ದೊರೆ ಹೇಳಿದ್ದು. ಒಮ್ಮೆ ಹೊರಬಿದ್ದರೆ ವಾಪಸು ತೆಗೆದುಕೊಳ್ಳುವ ಪದ್ಧತಿಯಿಲ್ಲ, ನನ್ನ ಅಂಗಡಿಯಲ್ಲಿ ಮಾರಿದ ಮಾಲಿನ ಹಾಗೆ.

ಹತ್ತೊಂಬತ್ತು ವರ್ಷದಿಂದ ಆ ಬಾಯಿ ಕ್ವಾಸಿ ತ್ವೆನೆಬೊವಾ. ನಾನೂ ಅವನೂ ಮಿಷನ್ ಶಾಲೆಯಲ್ಲಿ ಒಂದೇ ಬೆಂಚಿನವರು, ಆದ್ದರಿಂದ ಅವನಿಗೆ ಬಹುವಚನದ ಖರ್ಚು ಮಾಡುವುದಿಲ್ಲ. ಕೈಯಲ್ಲಿ ಎದೆಯುದ್ದದ ಕೋಲು, ಕೋಲಿನ ತುದಿಯಲ್ಲಿ ಚಿನ್ನದ ತಗಡು ಹೊದ್ದ ಆಮೆ ಮತ್ತು ಬಸವನಹುಳು. ಕಾಡಿನಲ್ಲಿ ಇವೆರಡೇ ಇದ್ದಿದ್ದರೆ ಬಂದೂಕಿನ ಸದ್ದೇ ಕೇಳುತ್ತಿರಲಿಲ್ಲ ಅಂತ ಅದರ ಅರ್ಥ. ಆದರೆ ತ್ವೆನೆಬೊವಾನ ಕಿವಿ ತಿಂದದ್ದು ಬಂದೂಕಲ್ಲ, ಗಿರಣಿ. ಅರಮನೆಯ ಕೆಲಸದಿಂದ ಮರ್ಯಾದೆ ಬರುತ್ತದೆ, ಊಟ ಬರುವುದಿಲ್ಲ. ಊಟಕ್ಕೆಂದು ಮನೆಯ ಪಕ್ಕದಲ್ಲೇ ಡೀಸೆಲ್ ಗಿರಣಿ ಇಟ್ಟಿದ್ದ. ಮೂವತ್ತು ವರ್ಷ ಆ ಎಂಜಿನ್ನು ಊರಿನ ಜೋಳದ ಜೊತೆಗೆ ಅವನ ಕಿವಿಯನ್ನೂ ದಿನಕ್ಕಿಷ್ಟರಂತೆ ಅರೆದು ಮುಗಿಸಿತು.

ಇದು ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ದೊರೆ ಮೊದಲು ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿದ್ದವರು. ನೋಟು ಎಣಿಸುವ ಸದ್ದಿಗಿಂತ ಅವರ ದನಿ ಹೆಚ್ಚು ದಪ್ಪವಿಲ್ಲ. ಆಡುವುದೂ ಎಂಟೇ ಮಾತು. ನೀರು ಕೊಡಿ. ಬಂದ ಕಾರಣ ಕೇಳಿ. ಸಂತೋಷ. ಯೋಚಿಸೋಣ. ಹೀಗೆ. ತ್ವೆನೆಬೊವಾ ಬಂದವರ ಮುಖ ನೋಡಿ ಎಂಟರಲ್ಲಿ ಒಂದನ್ನು ಊಹಿಸಿ, ನಲವತ್ತು ವಾಕ್ಯ ನೇಯ್ದುಬಿಡುತ್ತಿದ್ದ. ಎಷ್ಟೋ ಸಲ ದೊರೆ ಹೇಳಿದ್ದಕ್ಕಿಂತ ಇವನು ಹೇಳಿದ್ದೇ ಚೆನ್ನಾಗಿತ್ತು. ನನ್ನ ಅಂಗಡಿಯ ಮುಂದೆ ತಗಡಿನ ಮಾಡು ಎಳೆದುಕೊಳ್ಳಲು ಅಪ್ಪಣೆಯಾದದ್ದೂ ಆ ಎರಡು ವರ್ಷದಲ್ಲೇ. ಅದನ್ನು ನಾನಾಗಿ ಕೆದಕಲು ಹೋಗಿಲ್ಲ.

ಆಮೇಲೆ ಬೆಳಗಿನ ಇಬ್ಬನಿ ಪ್ರಾರ್ಥನಾ ಸಂಘದ ಪಾದ್ರಿ ಬಂದ. ತೊರೆಯ ಪಕ್ಕದಲ್ಲಿ ಚರ್ಚಿಗೆ ಜಾಗ ಬೇಕು ಅಂದ. ದೊರೆ ಏನೋ ಗುನುಗಿದರು. ತ್ವೆನೆಬೊವಾ ಪಾದ್ರಿಯ ಆಸೆಬುರುಕ ಮುಖ ನೋಡಿ, "ದೇವರ ಮನೆಗೆ ಬಾಗಿಲು ಬೇಡ ಅನ್ನುವ ದೊರೆ ಎಲ್ಲಿದ್ದಾನೆ? ತಗೊಳ್ಳಿ" ಎಂದು ಕೋಲು ಕುಟ್ಟಿದ. ಪಾದ್ರಿ ಒಂದೇ ವಾರದಲ್ಲಿ ಸಿಮೆಂಟು ಇಟ್ಟಿಗೆಯ ಗೋಡೆ ಎಬ್ಬಿಸಿದ. ಹೆಂಗಸರು ನೀರಿಗೆ ಹೋಗುವ ದಾರಿ ಗೋಡೆಯ ಒಳಗೆ ಹೋಯಿತು.

ಜಾಗ ಕೊಟ್ಟ ದಿನವೇ, ಸಭೆ ಮುಗಿದ ಮೇಲೆ ದೊರೆ ತ್ವೆನೆಬೊವಾನನ್ನು ಒಳಮನೆಗೆ ಕರೆಸಿದ್ದರು. ನನ್ನ ಅಂಗಡಿ ಅರಮನೆಯ ಗೋಡೆಗೆ ಒರಗಿಕೊಂಡೇ ಇದೆ. ಕಿವಿ ಕೇಳದವರ ಜೊತೆ ಗುಟ್ಟು ಮಾತಾಡುವುದು ಕಷ್ಟ. ದೊರೆಯೇ ಆ ದಿನ ಕೂಗಬೇಕಾಯಿತು.

"ತ್ವೆನೆಬೊವಾ, ನಾನು ಏನಂದೆ?"

"ಬುದ್ಧಿ, ಕೊಡೋಣ ಅಂದ್ರಿ."

"ಬೇಡ ಅಂದೆ ಕಣಯ್ಯಾ! ಅದು ತೊರೆ ದಾರಿ, ಹಿರಿಯರನ್ನ ಕೇಳ್ಬೇಕು ಅಂದೆ!"

ಆಮೇಲೆ ದೊರೆ, "ಎರಡು ಅಕ್ವಾಸಿಡೇ ಕೊಡ್ತೀನಿ. ಅಷ್ಟರಲ್ಲಿ ಕಿವಿ ತಗೊಂಡು ಬಾ. ಇಲ್ಲಾಂದ್ರೆ ಕೋಲು ಬೊಟ್ವೆಗೆ" ಎಂದರು.

ಅಕ್ವಾಸಿಡೇ ಆರು ವಾರಕ್ಕೊಮ್ಮೆ ಬರುವ ದೊಡ್ಡ ಭಾನುವಾರ. ಊರೆಲ್ಲ ಅರಮನೆಯ ಅಂಗಳದಲ್ಲಿರುತ್ತದೆ. ಅಂದರೆ ಹನ್ನೆರಡು ವಾರ. ಬೊಟ್ವೆ ಕಿರಿಯ ಒಚಿಯಾಮೆ, ಹೈಸ್ಕೂಲು ಮೇಷ್ಟ್ರು. ದನಿ ಶಾಲೆಯ ಗಂಟೆಯಂಥದು. ಕೋಲಿನ ಮೇಲೆ ಅವನ ಕಣ್ಣಿತ್ತು, ಆದರೆ ಒಳ್ಳೆಯ ಮನೆತನದವನಾದ್ದರಿಂದ ಆ ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಂಡು ನಿಲ್ಲುತ್ತಿದ್ದ.

ತ್ವೆನೆಬೊವಾ ಕುಮಾಸಿ ಪಟ್ಟಣದ ಆಸ್ಪತ್ರೆಗೆ ಹೋದ. ಕಿವಿ ಡಾಕ್ಟರಮ್ಮ ಹತ್ತಿ ಮೆತ್ತಿದ ಕೋಣೆಯಲ್ಲಿ ಕೂರಿಸಿ, ಕೀಂ ಕೀಂ ಅನ್ನಿಸಿ, ಕಿವಿ ಯಂತ್ರದ ಒಳ್ಳೆಯ ಜೋಡಿಯನ್ನೇ ಕೊಟ್ಟಳು. ಕಡಲೆಬೀಜದಷ್ಟು ದೊಡ್ಡದು, ಕಪ್ಪು ಬಣ್ಣ, ಕಿವಿಯ ಹಿಂದೆ ಕೂತರೆ ಕಾಣುವುದೇ ಇಲ್ಲ. ಆಮೇಲೆ ಅವಳು ಕೇಳಿದಳಂತೆ: "ತಾತಾ, ನಿಮ್ಮ ಕೆಲಸ ಏನು?"

ಇಲ್ಲಿ ನಮ್ಮವನು ನಮ್ಮವರು ಮಾತ್ರ ಮಾಡುವ ತಪ್ಪು ಮಾಡಿದ. ದೊರೆಯ ಬಾಯಿಗೆ ಕಿವುಡು ಎಂದು ಪಟ್ಟಣದ ಹುಡುಗಿಯ ಮುಂದೆ ಹೇಳುವುದುಂಟೆ? ಹೇಳಿದರೆ ದೊರೆಯನ್ನೇ ಬೈದಂತೆ. ಅದಕ್ಕೆ, "ಗಿರಣಿ" ಎಂದ.

ಅವಳು ಪಾಪ, ಗಿರಣಿಯವನಿಗೆ ಏನು ಬೇಕೋ ಅದನ್ನೇ ಹೊಂದಿಸಿದಳು. ಎದುರಿಗೆ ನಿಂತ ಗಿರಾಕಿಯ ಮಾತು ಮೇಲೆ ಬರಬೇಕು. ಬೆನ್ನ ಹಿಂದಿನ ಗದ್ದಲ ತಗ್ಗಬೇಕು. ಜಗತ್ತಿನಲ್ಲಿ ಎಲ್ಲರಿಗೂ ಬೇಕಾದದ್ದು ಅದೇ. ಬೇಕಾದ ಮಾತು ಬೆನ್ನ ಹಿಂದಿನಿಂದಲೇ ಬರುವ ಮನುಷ್ಯ ನಾನು ಕಂಡಂತೆ ಇವನೊಬ್ಬನೇ.

ಮನೆಯಲ್ಲಿ ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ತನ್ನ ಚಪ್ಪಲಿ ಸದ್ದು ಮಾಡುತ್ತದೆ ಎಂಬುದು ಅವನಿಗೆ ಹೊಸ ಸುದ್ದಿ. ಹೆಂಡತಿ ಸೆರ್ವಾ ಸೌಟು ಹಿಡಿದುಕೊಂಡು ತನ್ನಷ್ಟಕ್ಕೆ ಗೊಣಗುತ್ತಾಳೆ ಎಂಬುದೂ ಹೊಸದು. ಏನು ಗೊಣಗುತ್ತಾಳೆ ಎಂಬುದು ಅದಕ್ಕಿಂತ ಹೊಸದು. ಆದರೆ ಮೊದಲ ಅಕ್ವಾಸಿಡೇ ದಿನ ದೊರೆ ಹಿಂದಿನಿಂದ ತುಟಿ ಆಡಿಸಿದರೆ ಯಂತ್ರ ಅದನ್ನು ಗದ್ದಲವೆಂದು ತಿಳಿದು ಒರೆಸಿ ಹಾಕಿತು. ಕಡೆಗೆ ಬೊಟ್ವೆ ಮುಂದೆ ಬಾಗಿ, ಯಾರಿಗೂ ಕಾಣದಂತೆ ಇವನ ಕಿವಿಯಲ್ಲಿ ಒಂದೊಂದೇ ಮಾತು ಹಾಕಿದ. ಸಭೆ ಮುಗಿಯಿತು. ಪ್ರತಿಸ್ಪರ್ಧಿಯ ಕರುಣೆಯಲ್ಲಿ ಮರ್ಯಾದೆ ಉಳಿಸಿಕೊಂಡವನ ಮುಖ ಹೇಗಿರುತ್ತದೆ ಎಂದು ಆವತ್ತು ನೋಡಿದೆ. ಹರಾಜಿನಲ್ಲಿ ಸ್ವಂತ ಮಾಲನ್ನೇ ಕೊಂಡವನ ಮುಖದಂತಿರುತ್ತದೆ.

ಡಾಕ್ಟರಮ್ಮನ ಮುಂದಿನ ಸರದಿ ಹತ್ತು ವಾರದ ನಂತರ. ಉಳಿದದ್ದು ಆರು ವಾರ. ಸೋಮವಾರ ಬೆಳಿಗ್ಗೆ ತ್ವೆನೆಬೊವಾ ನನ್ನ 'ದೇವರ ಗಡಿಯಾರ ತಪ್ಪದು ಎಲೆಕ್ಟ್ರಾನಿಕ್ಸ್'ಗೆ ಬಂದು, ಹಡಗಿನಲ್ಲಿ ಬಂದ ಹಳೆ ಕಂಪ್ಯೂಟರುಗಳ ರಾಶಿಯ ಮುಂದೆ ನಿಂತ.

"ಅಂಗಡಿಯವಳೇ, ಆ ಡಾಕ್ಟರಮ್ಮ ಕಂಪ್ಯೂಟ್ರಿಗೆ ಒಂದು ಡಬ್ಬಿ ಸಿಗಿಸ್ತಾಳೆ. ಡಬ್ಬಿಯಿಂದ ಎರಡು ವೈರು ನನ್ನ ಕಿವಿ ಯಂತ್ರಕ್ಕೆ. ಅಂಥ ಡಬ್ಬಿ ಇದೆಯಾ?"

"ನೀನೇನು ಡಾಕ್ಟ್ರಾಗೋಕೆ ಹೊರಟ್ಯಾ?"

"ಮೂವತ್ತು ವರ್ಷ ಎಂಜಿನ್ ನಾನೇ ಬಿಚ್ಚಿದೀನಿ. ಇದು ಕಡಲೆಬೀಜದಷ್ಟಿದೆ."

"ಕಡಲೆಬೀಜ ಬಿಚ್ಚಿದ್ರೆ ಮತ್ತೆ ಮುಚ್ಚೋಕೆ ಬರಲ್ಲ, ಗೊತ್ತಾ?"

"ಇದೆಯೋ ಇಲ್ವೋ ಹೇಳೇ!"

ಇತ್ತು. ಯಾವುದೋ ದೇಶದ ಮುಚ್ಚಿದ ದವಾಖಾನೆಯ ಸಾಮಾನಿನೊಳಗೆ ಬಂದಿದ್ದ ಬೂದು ಬಣ್ಣದ ಡಬ್ಬಿಯೊಂದು ಮೂರು ವರ್ಷದಿಂದ ನನ್ನ ಕಪಾಟಿನಲ್ಲಿ ಬಿದ್ದಿತ್ತು. ಅದನ್ನು ಮೋಡೆಮ್ ಎಂದು ಇಬ್ಬರಿಗೆ ಮಾರಿದ್ದೆ, ಇಬ್ಬರೂ ವಾಪಸು ತಂದಿದ್ದರು. ಮಾರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದೆನಲ್ಲ; ಅದಕ್ಕೆ ಇದೊಂದೇ ಅಪವಾದ. ನಾನು ಅದರ ಧೂಳು ಒರೆಸುತ್ತ, "ಇದು ಬಹಳ ಅಪರೂಪದ್ದು. ನಿನಗೋಸ್ಕರಾನೇ ತೆಗೆದಿಟ್ಟಿದ್ದೆ" ಎಂದೆ. ಅವನು ಡಬ್ಬಿಯ ಮೇಲಿದ್ದ, ನಾನು 'ಮೋಡೆಮ್' ಎಂದು ಬರೆದಿದ್ದ ಚೀಟಿಯನ್ನು ಉಗುರಿನಿಂದ ಕಿತ್ತು ನನ್ನ ಕೈಗೆ ಕೊಟ್ಟ. ಆ ಚೀಟಿಯ ಲೆಕ್ಕದಲ್ಲಿ ಬೆಲೆ ಅರ್ಧಕ್ಕಿಳಿಯಿತು. ಜೊತೆಗೆ ಮಾರಿದ ಹಳೆ ಲ್ಯಾಪ್‌ಟಾಪಿನಲ್ಲಿ ಆ ನಷ್ಟ ತುಂಬಿಕೊಂಡೆ.

ಕಿವಿಯನ್ನು ತಾವೇ ಹೊಂದಿಸಿಕೊಳ್ಳುವವರದ್ದೇ ಒಂದು ಜಗಲಿ ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಹಿಮ ಬೀಳುವ ದೇಶದ ಒಬ್ಬ ನಿವೃತ್ತ ರೈಲ್ವೆ ನೌಕರ ಇವನ ಕೈ ಹಿಡಿದ. ಎರಡು ನಿಯಮ ಬರೆದು ಕಳಿಸಿದ. ಒಂದು, ಡಾಕ್ಟರು ಹೊಂದಿಸಿದ್ದನ್ನು ಮೊದಲು ಹಾಗೇ ಎತ್ತಿಡು, ಕೆಡಿಸುವುದು ಆಮೇಲೆ. ಎರಡು, ಅತಿ ದೊಡ್ಡ ಸದ್ದಿಗೆ ಡಾಕ್ಟರು ಹಾಕಿದ ಗೆರೆಯನ್ನು ಮುಟ್ಟಬೇಡ, ಉಳಿದ ಕಿವಿಯೂ ಹೋಗುತ್ತದೆ. ತ್ವೆನೆಬೊವಾ ಇವೆರಡನ್ನೂ ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಪರದೆಯ ಮೇಲೆ ಗುಡ್ಡದಂತೆ ಏರಿಳಿಯುವ ಗೆರೆಗಳು ಅವನಿಗೆ ಎರಡೇ ದಿನದಲ್ಲಿ ಅರ್ಥವಾದವು. ಎಡಕ್ಕೆ ದಪ್ಪ ದನಿ, ಬಲಕ್ಕೆ ಸಣ್ಣ ದನಿ. "ತರಿ ಆ ಕಡೆ, ನುಣುಪು ಈ ಕಡೆ. ಇದೂ ಗಿರಣೀನೇ" ಎಂದ. ಡಾಕ್ಟರಮ್ಮನ ಹದವನ್ನು ಯಂತ್ರದ ನೆನಪಿನ ಒಂದನೇ ಮನೆಯಲ್ಲಿ ಹಾಗೇ ಬಿಟ್ಟು, ಯಂತ್ರದ ಗುಂಡಿ ಒತ್ತಿದರೆ ಬರುವ ಎರಡನೇ ಮನೆಯನ್ನು ಅರಮನೆಗೆಂದು ಕಟ್ಟಲು ಕೂತ. ಬೆನ್ನ ಹಿಂದಿನ ಮೈಕು ಎಚ್ಚರವಾಗಬೇಕು, ಮುಂದಿನದು ತೂಕಡಿಸಬೇಕು.

ದೊರೆಯ ಜಾಗದಲ್ಲಿ ಕೂರಲು ಒಬ್ಬರು ಬೇಕಲ್ಲ. ಮಗುಚಿ ಹಾಕಿದ ಒರಳಿನ ಮೇಲೆ ಸೆರ್ವಾ ಕೂತಳು. ಇವನು ಒಂದು ಹೆಜ್ಜೆ ಮುಂದೆ, ಕೊರಳಿಗೆ ಎರಡು ವೈರು ತೂಗಿಕೊಂಡು, ಗೂಟಕ್ಕೆ ಕಟ್ಟಿದ ಆಡಿನಂತೆ ನಿಂತ. ಸಭೆಯ ಡೋಲಿನ ಬದಲಿಗೆ ಪಕ್ಕದ ಮನೆಯವರು ಬೆಂದ ಮರಗೆಣಸಿನ ಮುದ್ದೆ, ಫುಫು, ಕುಟ್ಟುತ್ತಿದ್ದರು. ಬ್ಯಾಟರಿ ಕೊಡುವ ನೆವದಲ್ಲಿ ನಾನೂ ಅಲ್ಲೇ ಇದ್ದೆ.

ಸೆರ್ವಾ ತುಟಿಯಲ್ಲೇ ಏನೋ ಅಂದಳು.

"ದೊರೆ ಹೇಳುತ್ತಾರೆ," ತ್ವೆನೆಬೊವಾ ಅಂಗಳಕ್ಕೆ ಸಾರಿದ, "ಮಳೆಗಾಲ ಬಂತು, ಮಾಡು ಸೋರುತ್ತಿದೆ, ಗಂಡಸರೆಲ್ಲ ಎಲ್ಲಿ ಹೋದರು?"

"ಸರಿ ಕೇಳ್ಸಿದೆ," ಎಂದಳು ಸೆರ್ವಾ. ಮತ್ತೆ ತುಟಿ ಆಡಿತು.

"ದೊರೆ ಹೇಳುತ್ತಾರೆ... ಈಸ್ಟರ್‌ಗೆ ಕೊಡಿಸ್ತೀನಿ ಅಂದ ಬಟ್ಟೆ..." ಅವನು ತಿರುಗಿದ. "ಏಯ್, ಇದು ದೊರೆ ಹೇಳೋ ಮಾತಾ?"

"ತಿರುಗಬಾರ್ದು! ಬಾಯಿ ಹಿಂದಕ್ಕೆ ನೋಡಬಾರ್ದು! ಅಷ್ಟೂ ಪದ್ಧತಿ ಗೊತ್ತಿಲ್ವಾ ನಿನಗೆ?" ಸೆರ್ವಾ ಒರಳಿನ ಮೇಲಿಂದಲೇ ಗದರಿದಳು. "ಹೇಳು ಊರಿಗೆ. ಮೂರು ಈಸ್ಟರ್ ಆಯ್ತು ಅಂತಾನೂ ಸೇರಿಸಿ ಹೇಳು."

ಹೇಳಿದ. ಫುಫು ಕುಟ್ಟುತ್ತಿದ್ದವರು ಒನಕೆ ನಿಲ್ಲಿಸಿ ಕೇಳಿದರು. ಒಂದು ವಾರ ದಿನಾ ಸಂಜೆ ಇದೇ ನಡೆಯಿತು. ಕೊನೆಗೆ ಹನ್ನೆರಡು ಹೆಜ್ಜೆ ಹಿಂದಿನಿಂದ ಉಸಿರಿದರೂ ಅವನಿಗೆ ಕೇಳತೊಡಗಿತು. ಮಾಡು ರಿಪೇರಿಯಾಯಿತು, ಬಟ್ಟೆಯೂ ಬಂತು.

ಆ ಗುರುವಾರ ಪಕ್ಕದ ಊರಿನವರು ಒಂದು ಸಾವಿನ ಕರೆಯೋಲೆ ಹಿಡಿದು ಅರಮನೆಗೆ ಬಂದರು. ಚಿಕ್ಕ ಸಭೆ. ತ್ವೆನೆಬೊವಾ ಕಿವಿಯ ಹಿಂದೆ ಬೆರಳಿಟ್ಟು ಎರಡನೇ ಮನೆಗೆ ಬದಲಿಸಿ, ಎದೆಯುಬ್ಬಿಸಿ ನಿಂತ. ಬಂದವರ ಒಚಿಯಾಮೆ, ಹಲ್ಲಿಲ್ಲದ ಹಳೆ ಹುಲಿ, ಸತ್ತವನ ಅಜ್ಜನ ಹುಟ್ಟಿನಿಂದ ಕತೆ ಶುರು ಮಾಡಿದ. ಅಷ್ಟರಲ್ಲಿ ಹಿಂದಿನಿಂದ ಮಾತು ಬಂತು. ಗಂಟೆ ಹೊಡೆದಂತೆ ಸ್ಪಷ್ಟ. ಎರಡು ವರ್ಷದಲ್ಲಿ ಮೊದಲ ಸಲ ಊಹೆಯಿಲ್ಲದೆ ಬಂದ ಮಾತು. ಆ ಖುಷಿಯಲ್ಲಿ ಅವನು ಯೋಚಿಸಲಿಲ್ಲ. ಕೋಲು ಕುಟ್ಟಿದ:

"ದೊರೆ ಹೇಳುತ್ತಾರೆ: ಸತ್ತವನಿಗೆ ಅವಸರವಿಲ್ಲ, ಇದ್ದವನಿಗೆ ಹಸಿವಿದೆ. ಉದ್ದದ ಮಾತನ್ನು ಹೊರುವ ತೋಳು ಬಿದ್ದುಹೋಗುತ್ತದೆ. ನೀವು ಸಾವಿನ ಸುದ್ದಿ ತಂದಿರೋ, ಇನ್ನೊಂದು ಸಾವು ಮಾಡಿಸಲು ಬಂದಿರೋ? ಬೇಗ ಮುಗಿಸಿ!"

ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ದೊರೆಯ ತುಟಿ ಅಲುಗಿರಲಿಲ್ಲ. ಅಲುಗಿದ್ದು ಅವರ ಹಿಂದೆ ದೊಡ್ಡ ಛತ್ರಿ ಹಿಡಿದು ನಿಂತಿದ್ದ ಪಿಪಿಂನದು. ಹದಿನೈದು ವರ್ಷದಿಂದ ಪ್ರತಿ ಸಭೆಯಲ್ಲೂ ಅವನು ಗೊಣಗುತ್ತಲೇ ಬಂದಿದ್ದಾನೆ, ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಅವನ ಗೊಣಗು ದೊರೆಯ ಮಾತಾಗಿ ಅಂಗಳದ ನಡುವೆ ನಿಂತಿತ್ತು. ಪಿಪಿಂನ ಬಾಯಿ ತೆರೆದೇ ಇತ್ತು, ಛತ್ರಿ ಒಂದು ಕಡೆ ವಾಲಿತು.

ಹಲ್ಲಿಲ್ಲದ ಹುಲಿ ತನ್ನ ಕೋಲನ್ನು ನೆಲಕ್ಕೆ ಊರಿತು. ಆಮೇಲೆ, "ಬೊಫ್ರೆಸೊದ ದೊರೆ ನಮ್ಮ ಹೊಟ್ಟೆಯೊಳಗಿನ ಮಾತೇ ಆಡಿದರು. ಬೆಳಿಗ್ಗೆಯಿಂದ ನಮಗೂ ಏನೂ ಸಿಕ್ಕಿಲ್ಲ" ಎಂದಿತು. ಸಭೆಗೆ ಸಭೆಯೇ ನಕ್ಕಿತು. ಊಟ ಬಂತು. ದೊರೆ ನಗಲಿಲ್ಲ, ಆದರೆ ಅವರ ಹೊದಿಕೆ ಬಹಳ ಹೊತ್ತು ಅಲುಗುತ್ತಿತ್ತು.

ಒಳಮನೆಯಲ್ಲಿ ಅವರು ಹೇಳಿದ್ದು ಇಷ್ಟು: "ಎರಡು ವರ್ಷದಲ್ಲಿ ಮೊದಲ್ನೇ ಸಲ ಯಾರೋ ಒಬ್ಬರು ಆಡಿದ ಮಾತನ್ನ ಸರಿಯಾಗಿ ಹೇಳಿದೀಯ. ಆ ಒಬ್ಬರು ನಾನೇ ಆಗೋ ಹಾಗೆ ನೋಡ್ಕೋ. ಮೂರು ವಾರ ಉಳೀತು."

"ಬುದ್ಧಿ, ಗಿರಣಿಗೆ ಜೋಳ ಬೇಕು. ನಿಮ್ಮ ದನೀನೇ ಇಲ್ದೆ ನಾನು ಏನನ್ನ ಅರೀಲಿ?"

ಹೀಗಾಗಿ, ಮೈಯಲ್ಲಿ ಹುಷಾರಿಲ್ಲದ ತಮ್ಮ ಬಾಯಿಯನ್ನು ವಿಚಾರಿಸಿಕೊಳ್ಳುವ ನೆವದಲ್ಲಿ ದೊರೆ ಒಂದು ಬೆಳಿಗ್ಗೆ ಅವನ ಮನೆಗೇ ಬಂದರು. ಛತ್ರಿ ಬಂತು, ಪೀಠ ಬಂತು, ಬೊಟ್ವೆಯೂ ಬಂದ. ಏಕೆಂದರೆ ದೊರೆ ಹೊರಗೆ ಹೋದಲ್ಲಿ ಅವರ ಮಾತು ಬಾಯಿಯ ಮೂಲಕವೇ ಹೋಗಬೇಕು, ಮತ್ತು ಇದ್ದ ಬಾಯಿ ಈಗ ರೋಗಿಯಾಗಿ ವೈರಿನಲ್ಲಿ ಸಿಕ್ಕಿಕೊಂಡಿತ್ತು. ಸೆರ್ವಾ ನೀರು ಕೊಟ್ಟಳು. ತ್ವೆನೆಬೊವಾ ಬೆನ್ನು ತಿರುಗಿಸಿ, ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಕೂತ.

"ದೊರೆಗಳಿಗೆ ಹೇಳಪ್ಪ ಬೊಟ್ವೆ, ಒಂದು ಎರಡು ಮೂರು ಅಂತ ಎಣಿಸ್ಲಿ."

ಬೊಟ್ವೆ ಹೇಳಿದ. ದೊರೆ ಬ್ಯಾಂಕಿನ ದನಿಯಲ್ಲಿ ಒಂದು, ಎರಡು, ಮೂರು ಅಂದರು. ಬೊಟ್ವೆ ಎದೆ ತುಂಬ ಗಾಳಿ ಎಳೆದುಕೊಂಡ.

"ದೊರೆ ಹೇಳುತ್ತಾರೆ: ಒಂದೇ ಕೈ ಗಂಟು ಕಟ್ಟದು, ಎರಡು ಕೈ ಸೇರಿದರೆ ಹೊರೆ, ಮೂರು ಕಲ್ಲಿದ್ದರೆ ಒಲೆ..."

ತ್ವೆನೆಬೊವಾ ಎರಡೂ ಕಿವಿ ಹಿಡಿದುಕೊಂಡ. "ಅಯ್ಯೋ, ಪರದೆ ತುಂಬ ಇವನೇ!"

"ಪದ್ಧತಿ ಕಣಣ್ಣ," ಎಂದ ಬೊಟ್ವೆ. "ದೊರೆ ಆಡಿದ್ದನ್ನ ಹಾಗೇ ಬರಿಮೈಯಲ್ಲಿ ಬಿಡೋಕಾಗುತ್ತಾ?"

"ನೋಡು ಮೇಷ್ಟ್ರೇ," ಸೆರ್ವಾ ಸೌಟು ತೋರಿಸಿದಳು. "ನಿನಗೆ ಆ ಕೋಲು ಬೇಕು, ನನಗೂ ಗೊತ್ತು, ಊರಿಗೂ ಗೊತ್ತು. ಬೇಕಾದ್ರೆ ಬಾಯಿ ಮುಚ್ಕೊಂಡು ಕಾಯಿ. ನನ್ನ ಅಂಗಳದಲ್ಲಿ ಒಲೆ ಎಷ್ಟು ಕಲ್ಲಿಂದು ಅಂತ ನನಗೆ ಹೇಳ್ಕೊಡ್ಬೇಡ."

ದೊರೆ ಏನೋ ಗುನುಗಿದರು. ಬೊಟ್ವೆ ನಾಚಿ, ಸಣ್ಣ ದನಿಯಲ್ಲಿ, "ದೊರೆ... ಸೆರ್ವಾ ಹೇಳಿದ್ದೇ ಸರಿ ಅಂತಾರೆ" ಎಂದು ಮುಗಿಸಿದ. ಆಮೇಲೆ ತುಟಿಗೆ ಬೀಗ.

ಈಗ ಪಿಪಿಂನ ಸರದಿ. ಅವನ ದನಿ ಪರದೆಯ ಮೇಲೆ ಎಲ್ಲಿ ಕೂರುತ್ತದೆ ಎಂದು ತಿಳಿಯಬೇಕಿತ್ತು.

"ಪಿಪಿಂ, ಗೊಣಗು."

"ಏನಂತ ಗೊಣಗ್ಲಿ?"

"ಹದಿನೈದು ವರ್ಷ ಗೊಣಗಿದೀಯ, ಹೇಳಿಕೊಡ್ಬೇಕಾ?"

ಪಿಪಿಂ ಕಣ್ಣು ಮುಚ್ಚಿ ಪ್ರಯತ್ನಪಟ್ಟ. ಗಾಳಿ ತಂಪಾಗಿತ್ತು, ಛತ್ರಿ ಹಗುರಾಗಿತ್ತು, ಒಳಗಿನಿಂದ ಆಡಿನ ಸಾರಿನ ಘಮ ಬರುತ್ತಿತ್ತು. "ಅಣ್ಣಾ, ಏನೂ ಬರ್ತಿಲ್ಲ. ಎಲ್ಲ ಚೆನ್ನಾಗೇ ಇದೆ," ಎಂದು ನಾಚಿಕೊಂಡ.

ಸೆರ್ವಾ ಅಡುಗೆಮನೆಯಿಂದಲೇ ಕೂಗಿದಳು: "ಫುಫು ಕಮ್ಮಿ ಬಿತ್ತು. ಛತ್ರಿಯವರಿಗೆ ಇವತ್ತು ಇಲ್ಲ!"

ಗೊಣಗು ಅಂದರೆ ಅದು. ಬಂಡೆ ಉರುಳಿದಂತೆ ಬಂತು. ಪರದೆಯ ಎಡಭಾಗದಲ್ಲಿ ಗುಡ್ಡ ಎದ್ದಿತು. ದೊರೆಯದು ಬಲಗಡೆ ಸಣ್ಣ ದಿಣ್ಣೆ. ತ್ವೆನೆಬೊವಾ ಎಡವನ್ನು ಇಳಿಸಿದ, ಬಲವನ್ನು ಒಂದು ಕೂದಲಿನಷ್ಟು ಏರಿಸಿದ, ದೊಡ್ಡ ಸದ್ದಿನ ಗೆರೆಯನ್ನು ಮುಟ್ಟಲಿಲ್ಲ. "ಹೊಟ್ಟು ಆ ಕಡೆ, ಹಿಟ್ಟು ಈ ಕಡೆ" ಎಂದ. ಡೋಲೂ ದಪ್ಪ ದನಿಯದೇ ಆದ್ದರಿಂದ ಅದೂ ಹೊಟ್ಟಿನ ಜೊತೆ ಹೋಯಿತು. ದೊರೆ ನಾನೂರ ಎಂಬತ್ತರವರೆಗೆ ಎಣಿಸಿದರು. ಬ್ಯಾಂಕು ಬಿಟ್ಟ ಮೇಲೆ ಅವರನ್ನು ಅಷ್ಟು ಸಂತೋಷವಾಗಿ ನಾನು ನೋಡಿರಲಿಲ್ಲ. ಪಿಪಿಂ ಎರಡು ಸಲ ಬಡಿಸಿಕೊಂಡ.

ಎರಡನೇ ಅಕ್ವಾಸಿಡೇ ಬಂತು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಆಳೆತ್ತರದ ಡೋಲುಗಳು ಎದೆಯೊಳಗೇ ಬಡಿಯುತ್ತಿದ್ದವು. ಮೊದಮೊದಲು ಎಲ್ಲ ಸಲೀಸು. ನೀರು ಕೊಡಿ, ಸಂತೋಷ, ಕುಳಿತುಕೊಳ್ಳಿ. ಅವು ಊಹಿಸಬಹುದಾದ ಮಾತುಗಳು. ಅದರಿಂದ ಏನೂ ಸಾಬೀತಾಗಲಿಲ್ಲ. ಬೊಟ್ವೆ ಹಿಂದೆ ಕೈಕಟ್ಟಿ ನಿಂತಿದ್ದ. ಸೆರ್ವಾ ನನ್ನ ಪಕ್ಕದಲ್ಲಿ ಹೊಸ ಬಟ್ಟೆ ಉಟ್ಟು ಕೂತು ಅದರ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ಆಗ ಪಾದ್ರಿ ಎದ್ದ. ಒಂದು ಕುರಿ, ಎರಡು ಕ್ರೇಟ್ ಸೋಡಾ ಮುಂದಿಟ್ಟು ದೊರೆಗೆ ಕೃತಜ್ಞತೆ ಹೇಳಿದ. ಆಮೇಲೆ, ಭಕ್ತರ ಕಾರು ನಿಲ್ಲಿಸಲು ಇನ್ನೊಂದು ತುಂಡು ಜಾಗ ಬೇಕಿತ್ತು, ಎಂದ.

ದೊರೆಯ ತುಟಿ ಆಡಿತು. ಬಹಳ ಹೊತ್ತು ಆಡಿತು. ಎಂಟು ಮಾತಿನ ದೊರೆ ಅಷ್ಟು ಉದ್ದ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ತ್ವೆನೆಬೊವಾ ಅಲುಗಲಿಲ್ಲ. ಅವನ ಮುಖ ನನಗೆ ನೇರಕ್ಕೇ ಕಾಣುತ್ತಿತ್ತು. ಬೆವರು ಹಣೆಯಿಂದ ಹುಬ್ಬಿಗೆ ಇಳಿಯಿತು.

"ಕೇಳಿಸ್ಲಿಲ್ಲ," ಎಂದು ಸೆರ್ವಾ ನನ್ನ ತೊಡೆ ಹಿಡಿದಳು. "ಕೇಳಿಸ್ಲಿಲ್ಲ ಕಣೇ ಅವನಿಗೆ."

ಹ್ಞಾಂ, ಆದರೆ ನಾನು ವ್ಯಾಪಾರ ಮಾಡುವವಳು. ಕೇಳಿಸದವನ ಮುಖ ಬೇರೆ, ಕೇಳಿಸಿಯೂ ಬೆಲೆ ಜಾಸ್ತಿಯಾಯಿತು ಅನ್ನುವವನ ಮುಖ ಬೇರೆ. ಇದು ಎರಡನೆಯದು.

ಬೊಟ್ವೆ ಹತ್ತಿರವಿದ್ದ, ಅವನಿಗೂ ಕೇಳಿಸಿತ್ತು. ಮುಂದೆ ಬಾಗಿ, ಬಾಯಿ ತೆರೆದ. ಮತ್ತೇನನ್ನಿಸಿತೋ, ಮುಚ್ಚಿಕೊಂಡು ಹಿಂದೆ ಸರಿದ. ದೊರೆ ಮಾತನ್ನು ಎರಡನೇ ಸಲ ಹೇಳಲಿಲ್ಲ.

ತ್ವೆನೆಬೊವಾ ಕೋಲನ್ನು ಮೂರು ಸಲ ಕುಟ್ಟಿದ.

"ದೊರೆ ಹೇಳುತ್ತಾರೆ: ತೊರೆಯ ಪಕ್ಕದ ಜಾಗ ಬೇಡ ಅಂತ ನಾನು ಹೇಳಿದ್ದೆ. ನನ್ನ ಬಾಯಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಕೊಟ್ಟೆ ಅಂದುಬಿಟ್ಟಿತು. ತನಗೆ ಕೇಳುವುದಿಲ್ಲ ಅಂತ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಬಾಯಿ ನನ್ನದು, ಆದ್ದರಿಂದ ಮಾತೂ ನನ್ನದೇ, ಗೋಡೆ ಇರಲಿ. ಆದರೆ ಗೋಡೆಗೆ ಒಂದು ಬಾಗಿಲು ಇಡಿ, ಹೆಂಗಸರು ನೀರಿಗೆ ಹೋಗಲಿ. ಕಾರಿಗೆ ಜಾಗ ಇಲ್ಲ."

ಒಂದು ಗಾದೆಯಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ದೊರೆಯ ಮಾತು ಒಗ್ಗರಣೆಯಿಲ್ಲದೆ ಹೊರಬಂದಿತ್ತು. ಡೋಲಿನವರೂ ಕೈ ನಿಲ್ಲಿಸಿದ್ದರು.

ಹಿಂದಿನ ಸಾಲಿನಿಂದ ಯಾರೋ ಮುದುಕ ಎದ್ದ. "ಎರಡು ವರ್ಷಾನಾ? ಹಾಗಾದ್ರೆ ನನ್ನ ಆಡಿನ ತೀರ್ಪು?"

"ನನ್ನ ಬೇಲಿ?" ಇನ್ನೊಬ್ಬ.

ನಾನು ಸುಮ್ಮನೆ ಆಕಾಶ ನೋಡುತ್ತ ಕೂತೆ. ದೊರೆಯ ತುಟಿ ಮತ್ತೆ ಅಲುಗಿತು. ಈ ಸಲ ತ್ವೆನೆಬೊವಾ ಒಂದು ಕ್ಷಣವೂ ತಡೆಯಲಿಲ್ಲ.

"ದೊರೆ ಹೇಳುತ್ತಾರೆ: ನಿನ್ನ ಆಡನ್ನು ಎದುರುಪಕ್ಷದವರು ತಿಂದು ಎರಡು ಕ್ರಿಸ್‌ಮಸ್ ಆಯಿತು. ಹೊಟ್ಟೆಗೆ ಹೋದ ಆಡು ಹಗ್ಗಕ್ಕೆ ಬರುವುದಿಲ್ಲ. ಆದ ತೀರ್ಪೆಲ್ಲ ಆದ ಹಾಗೇ ಇರಲಿ." ಇಷ್ಟು ಹೇಳಿ, ಕಿವಿ ಸ್ವಲ್ಪ ವಾಲಿಸಿ, ನನ್ನ ಕಡೆ ನೋಡಿದ. ಅವನ ಮೀಸೆಯ ಒಂದು ತುದಿ ಮೇಲೆ ಹೋಯಿತು. "ಅರಮನೆಯ ಗೋಡೆಗೆ ಒರಗಿಕೊಂಡ ಅಂಗಡಿಯ ತಗಡಿನ ಮಾಡೂ ಇರಲಿ, ಅಂತಾರೆ ದೊರೆ. ರಸ್ತೆಗೆ ಚಾಚಿದ ಒಂದು ಗಜ ಮಾತ್ರ ಹಿಂದಕ್ಕೆ."

ಜನ ಚಪ್ಪಾಳೆ ತಟ್ಟಿ ನಕ್ಕರು. ಎಲ್ಲರಿಗಿಂತ ಜೋರಾಗಿ ಪಿಪಿಂ. ಮಾರಿದ ಮಾಲು ಹೀಗೂ ವಾಪಸು ಬರುತ್ತದೆ. ಬೊಟ್ವೆ ಮುಂದೆ ಬಂದು, ತ್ವೆನೆಬೊವಾನ ಜಾರಿದ್ದ ಹೊದಿಕೆಯನ್ನು ಭುಜದ ಮೇಲೆ ನೆಟ್ಟಗೆ ಮಾಡಿ, ತನ್ನ ಜಾಗಕ್ಕೆ ಹೋಗಿ ನಿಂತ. ಕೋಲು ಇದ್ದ ಕೈಯಲ್ಲೇ ಉಳಿಯಿತು. ಡೋಲು ಮತ್ತೆ ಶುರುವಾಯಿತು.

ಆ ಗದ್ದಲದ ನಡುವೆ, ನಾನು ಕಣ್ಣಾರೆ ಕಂಡೆ, ದೊರೆ ಇನ್ನೊಂದು ಸಲ ತುಟಿ ಆಡಿಸಿದರು. ನಾಲ್ಕೈದು ಮಾತು ಇರಬಹುದು. ತ್ವೆನೆಬೊವಾ ಕೋಲೆತ್ತಲಿಲ್ಲ, ಸಾರಲಿಲ್ಲ. ತಲೆ ತಗ್ಗಿಸಿದ, ಅಷ್ಟೇ. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು.

ಮಂಗಳವಾರ ಬ್ಯಾಟರಿಗೆ ಬಂದ. ನಾನು ಏಣಿ ಹತ್ತಿ ತಗಡು ಬಿಚ್ಚಿಸುತ್ತಿದ್ದೆ.

"ಕೊನೆಗೆ ಏನಂದ್ರು ದೊರೆ?"

"ಯಾವಾಗ?"

"ಕಿವುಡನ ಹಾಗೆ ಆಡ್ಬೇಡ, ಈಗ ನಿನಗೆ ಆ ನೆಪ ಇಲ್ಲ. ಡೋಲು ಶುರುವಾದ ಮೇಲೆ."

"ಅದಾ," ಎಂದ. "ಅದು ನನಗೆ ಹೇಳಿದ್ದು."

ಬ್ಯಾಟರಿಯ ಒಂದು ಪೊಟ್ಟಣ ಬಿಟ್ಟಿ ಕೊಡುತ್ತೇನೆ ಎಂದೆ. ಎರಡು ಎಂದೆ. ಏಣಿಯಿಂದ ಇಳಿದು ಬಂದು ಮೂರು ಎಂದೆ. ಹತ್ತೊಂಬತ್ತು ವರ್ಷ ಆ ಮನುಷ್ಯನ ಕಿವಿಗೆ ಬಿದ್ದದ್ದೆಲ್ಲ ಊರಿಗೆ ಬಿದ್ದಿದೆ. ಇದೊಂದು ಬೀಳಲಿಲ್ಲ. ಮೂರಕ್ಕೂ ಪೂರ್ತಿ ದುಡ್ಡು ಎಣಿಸಿಟ್ಟು, ಕೋಲು ಊರಿಕೊಂಡು, ತನ್ನ ಚಪ್ಪಲಿಯ ಸದ್ದನ್ನು ತಾನೇ ಕೇಳಿಸಿಕೊಳ್ಳುತ್ತ ಹೊರಟುಹೋದ.